ಹಕ್ಕಿ ಇಲ್ಲದ ಹೊಲದಾಗಿನ ಕೂಗು

ಮಸೂತಿಯ ದುರ್ಗವ್ವ ಅಟ್ಟ ಏರಿ ಒಂದು ಸಲ "ಹೊಯ್ಯೋ..." ಅಂದಳೆಂದರೆ ಮೂರು ಹೊಲದ ಹಕ್ಕಿ ಎದ್ದು ನಾಲ್ಕನೆಯ ಹೊಲವನ್ನೂ ದಾಟಿ ಹೋಗುತ್ತಿದ್ದವು. ಸುಳ್ಳಲ್ಲ, ಕೇಳಿ. ಆಕೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ಅಂದಿದ್ದಳಂತೆ: "ಈಕಿ ರೊಟ್ಟಿ ದಪ್ಪ ಬಡದ್ರೂ ಚಿಂತಿಲ್ಲ. ದನಿ ಐತಲ್ಲ, ಸಾಕು."

ಮಾಲದಂಡಿ ಜೋಳ ತೆನೆ ಹಿಡಿದು ಕಾಳಿನಲ್ಲಿ ಹಾಲು ತುಂಬಿತೆಂದರೆ ಹಕ್ಕಿ ಕಾಯುವುದು ಒಬ್ಬರ ಕೆಲಸವಲ್ಲ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟಿ, ಕೈಯಲ್ಲಿ ಕವಣೆ ಹಿಡಿದು ಕೂಡಬೇಕು. ಹಿಂಡು ಕಂಡವರು ಮೊದಲು ಕೂಗಬೇಕು. ಆ ಕೂಗು ಕೇಳಿದ ಬಾಜೂ ಹೊಲದವರು, ತಮಗಿನ್ನೂ ಒಂದು ಹಕ್ಕಿ ಕಾಣದಿದ್ದರೂ, ಎದ್ದು ಕವಣೆಗೆ ಕಲ್ಲು ಇಟ್ಟುಕೊಳ್ಳಬೇಕು. ಅದು ಅಲ್ಲಿಯ ರಿವಾಜು.

ಆ ರಿವಾಜೇ ಒಂದು ವರ್ಷ ಎಡವಟ್ಟು ಮಾಡಿತು. ಪಕ್ಕದ ಹೊಲದ ಸಿದ್ದರಾಯ, ಗಾಳಿಗೆ ಹಾರಿದ ತನ್ನದೇ ಜೋಳದ ಒಣ ಎಲೆಗಳನ್ನು ಹಕ್ಕಿಹಿಂಡು ಅಂದುಕೊಂಡು ಕೂಗಿಬಿಟ್ಟ. ಅವನ ಕೂಗು ಕೇಳಿ ಇನ್ನೊಬ್ಬ, ಅವನದು ಕೇಳಿ ಮತ್ತೊಬ್ಬ. ಸುತ್ತಲೂ ಕವಣೆಕಲ್ಲಿನ ಮಳೆ! ಕೊನೆಗೆ ನೋಡಿದರೆ ಒಂದು ಹಕ್ಕಿ ಸತ್ತಿಲ್ಲ, ಎಲ್ಲರ ತೆನೆ ಮುರಿದು ನೆಲಕ್ಕೆ ಬಿದ್ದಿವೆ. ಅಂದಿನಿಂದ ಅವನು ಕೂಗಿದರೆ ಜನ, "ಹಕ್ಕಿ ಏನೋ ಕಾಕಾ, ಎಲಿ ಏನೋ?" ಅಂತ ಕೇಳಿಯೇ ಏಳುತ್ತಿದ್ದರು.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ದುರ್ಗವ್ವನ ಮೂಗಿನ ಎರಡೂ ಬದಿಗೆ ಕೆಂಪು ಎದ್ದಿತು. ಪಾತರಗಿತ್ತಿ ರೆಕ್ಕೆ ಬಿಚ್ಚಿ ಕೂತಂತೆ. ಜೊತೆಗೆ ಜ್ವರ. "ಅಮ್ಮ ಬಂದಾಳ," ಅಂತ ಓಣಿಯ ಹಿರಿಯರು ಬಾಗಿಲಿಗೆ ಬೇವು ಕಟ್ಟಿಸಿ, ಔಷಧ ಮುಟ್ಟಿಸಬೇಡಿ ಅಂದರು. ಬಂದ ಅಮ್ಮ ಹೋಗಲೇ ಇಲ್ಲ. ಬೆರಳ ಗಿಣ್ಣು ಬಾತವು, ರೊಟ್ಟಿ ಬಡಿಯಲಾಗಲಿಲ್ಲ, ಬಾಚಿದರೆ ಕೂದಲು ಹಿಡಿ ಹಿಡಿ ಬಂತು. ಗಂಡ ಮುತ್ತುರಾಜ ಯಾರ ಮಾತೂ ಕೇಳದೆ ಬಾಗೇವಾಡಿಯ ಡಾಕ್ಟರ್ ಸುಮಂಗಲಾ ಹತ್ತಿರ ಕರೆದೊಯ್ದ. ರಕ್ತ ಬಿಜಾಪುರಕ್ಕೆ ಹೋಯಿತು, ರೋಗದ ಹೆಸರು ಬಂತು: ಲೂಪಸ್. ಗುಳಿಗೆ ಶುರುವಾದವು. ಮರುವರ್ಷದ ದೀಪಾವಳಿಗೆ ಬೆರಳು ಸಡಿಲಾದವು.

ಆದರೆ ಜೋಳ ತೆನೆ ಹಿಡಿಯುವ ಹೊತ್ತಿಗೆ ಡಾಕ್ಟರು ಹೇಳಿದರು: "ಬಿಸಲಿಗೆ ಮಾತ್ರ ಹೋಗೂ ಹಂಗಿಲ್ಲ, ದುರ್ಗವ್ವಾ."

"ಅಟ್ಟ ಏರೂದು?"

"ಅದೂ ಇಲ್ಲ."

"ಅಟ್ಟ ಬಿಟ್ಟ ಮ್ಯಾಲ ನಾ ಯಾರ್ರಿ, ಡಾಕ್ಟರ್ ಬಾಯಾರ? ಹೋದ ವರ್ಷ ನಾ ಹಾಸಿಗಿ ಹಿಡದಿದ್ನಿ, ಅರ್ಧ ಹೊಲ ಹಕ್ಕಿ ತಿಂದು ಹೋದ್ವು."

ಸುಮಂಗಲಾ ಅದೇ ಸೀಮೆಯ ಸಿಂದಗಿಯಲ್ಲಿ ಹುಟ್ಟಿದವಳು. ಹಟ ಅಂದರೇನೆಂದು ಬಲ್ಲವಳು. ಮೇಜಿನ ಮೇಲಿದ್ದ ಹೊಸ ವೈದ್ಯಕೀಯ ಪತ್ರಿಕೆ ಎಳೆದುಕೊಂಡಳು. ಅವಳಿಗೂ ಯಾರಿಗಾದರೂ ಹೇಳಬೇಕೆಂಬ ತವಕ ತುಂಬಿತ್ತು.

"ಕೇಳಿಲ್ಲಿ, ನಿನ್ನ ರೋಗದ ಬಗ್ಗೆ ಈ ವರ್ಷಾನ ಬಂದ ಸುದ್ದಿ ಐತಿ. ಮೊದಲ ಇಷ್ಟು ತಿಳಕೋ. ಮೈಯಾಗ ವೈರಸ್ ಹೊಕ್ಕರ, ಅದನ್ನ ಕಂಡ ಜೀವಕಣ ಬಾಜೂ ಕಣಗಳಿಗೆ ಸುದ್ದಿ ಮುಟ್ಟಸ್ತೈತಿ. ಆ ಸುದ್ದಿ ಒಯ್ಯೂ ರಸಕ್ಕ ಇಂಟರ್‌ಫೆರಾನ್ ಅಂತಾರ. ಅದು ಬಂತಂದ್ರ ಬಾಜೂದವು ಎಲ್ಲಾ ತಯಾರಾಗಿ ನಿಂದರ್ತಾವ."

ದುರ್ಗವ್ವ ಕುರ್ಚಿಯ ತುದಿಗೆ ಬಂದಳು. "ಹಕ್ಕಿ ಕಾಯೂದ್ರೀ ಅದು!"

"ಹಾಂ?"

"ಒಬ್ಬಾಕಿ ಕೂಗೂದು, ಬಾಜೂದಾಕಿ ಕಲ್ಲು ಇಟಗೊಳ್ಳೂದು. ಮತ್ತ ನನ್ನ ಮೈಯಾಗ ಏನ್ ಕೆಟ್ಟೈತ್ರಿ?"

"ನಿನ್ನಂಥಾವರ ರಕ್ತದಾಗ ಆ ಕೂಗು ನಿಂದರವಲ್ದು. ವೈರಸ್ ಇಲ್ಲ, ಏನಿಲ್ಲ, ಕೂಗು ಮಾತ್ರ ನಡದೈತಿ. ಬಿಸಲಿಗೆ ಚರ್ಮದ ಕಣ ಸತ್ತು ಚೂರಾಗ್ತಾವ. ಆ ಚೂರು ನೋಡಿ ಮೈ, ವೈರಿ ಬಂದ ಅಂತ ತಿಳಕೊಂಡು..."

"ಸಿದ್ದರಾಯ ಕಾಕಾ!" ದುರ್ಗವ್ವ ಎದ್ದೇ ನಿಂತಳು. ಒಣ ಎಲೆಯ ಕತೆಯನ್ನು ಕೈ ಬೀಸಿ ಬೀಸಿ ಹೇಳಿದಳು. ಕೇಳುತ್ತ ಕೇಳುತ್ತ ಸುಮಂಗಲಾ ಪತ್ರಿಕೆ ಮಡಿಸಿ ಬದಿಗಿಟ್ಟಳು.

"ಹಂಗಾರ ನನ್ನ ಮೈಯಾಗ ಒಬ್ಬ ಸಿದ್ದರಾಯ ಕುಂತು ನನ್ನ ತೆನಿನ ನನ್ನ ಕಲ್ಲಿಂದ ಮುರಿಯಾಕತ್ತಾನ. ಈ ಗುಳಿಗಿ ಅವನ ಬಾಯಿ ಮುಚ್ಚಸ್ತೈತಿ?"

"ಪೂರಾ ಮುಚ್ಚಸಬಾರ್ದು, ಖರೇ ವೈರಿ ಬಂದಾಗ ಕೂಗಾವ್ರು ಬೇಕಲ್ಲ! ತಗ್ಗಸ್ತೈತಿ. ಆದ್ರ ದಿನಾ ತಗೋಬೇಕು, ಆರಾಮಾತಂತ ಬಿಡೂ ಹಂಗಿಲ್ಲ."

ದುರ್ಗವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಬಾಯಾರ, ಹಕ್ಕಿ ಹೆಚ್ಚು ಬರೂದು ಹೊತ್ತು ಮೂಡೂ ಮುಂದ. ಹೊತ್ತು ಮಾರುದ್ದ ಏರೂದ್ರಾಗ ಇಳದ್ರ?"

ಸುಮಂಗಲಾ ಬೆರಳೆತ್ತಿದಳು. "ಉದ್ದ ತೋಳಿನ ಅಂಗಿ. ತಲಿಗೆ ಕಂಬಳಿ ಕೊಪ್ಪಿ. ಬಿಸಲು ಅಟ್ಟ ಮುಟ್ಟಿದ್ರ ಹಿಂಡಿಗೆ ಹಿಂಡ ಬಂದಿದ್ರೂ ಇಳೀಬೇಕು. ಆಣಿ ಮಾಡು."

ಮಾಡಿದಳು.

ಜನವರಿಯ ಒಂದು ಬೆಳಗು. ಗಂಡನ ಅಂಗಿ ತೊಟ್ಟು, ಕೊಪ್ಪೆ ಹೊದ್ದು ದುರ್ಗವ್ವ ಅಟ್ಟ ಏರಿದಳು. "ಪೋಲೀಸ್ ಬಂದ ಅಂತ ಹಕ್ಕಿ ತಾವಾಗಿನ ಓಡ್ತಾವ ನೋಡು," ಅಂತ ಮುತ್ತುರಾಜ ಕೆಳಗಿಂದ ನಕ್ಕ. ಮೂಡಣ ಕೆಂಪಾಯಿತು. ಮೊದಲ ಹಿಂಡು ಬಂತು. "ಹೊಯ್ಯೋ..." ಎರಡು ವರ್ಷ ಮಡಿಸಿಟ್ಟಿದ್ದ ದನಿ! ಹಿಂಡು ಗಿರ್ರನೆ ತಿರುಗಿತು. ಎರಡನೆಯದು, ಮೂರನೆಯದು. ಬಾತಿದ್ದ ಬೆರಳುಗಳು ಕವಣೆ ಬೀಸಿದವು.

ಆಗಲೇ ಬಂತು ಎಲ್ಲಕ್ಕಿಂತ ದೊಡ್ಡ ಹಿಂಡು, ಮೋಡ ಇಳಿದಂತೆ. ಆಗಲೇ ಬಿಸಿಲು ಅಟ್ಟದ ತೊಲೆ ಮುಟ್ಟಿತು.

"ಇಳಿ, ದುರ್ಗೀ!" ಮುತ್ತುರಾಜ ಚೀರಿದ.

ಕವಣೆಯಲ್ಲಿ ಕಲ್ಲಿತ್ತು. ದುರ್ಗವ್ವ ಹಿಂಡು ನೋಡಿದಳು, ಬಿಸಿಲು ನೋಡಿದಳು. ಕಲ್ಲು ಕೆಳಗೆ ಹಾಕಿ, ಪಕ್ಕದ ಹೊಲಕ್ಕೆ ತಿರುಗಿ ಗಂಟಲು ಬಿಚ್ಚಿದಳು:

"ಸಿದ್ದರಾಯ ಕಾಕಾ! ಈ ಸಲ ಖರೇ ಹಕ್ಕೀನ ಅದಾವು! ಕೂಗೋ!"

ಅವನ ಜೀವಮಾನದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಆತ ಕೂಗಿದ ಕೂಗಿಗೆ ಸುತ್ತಲಿನ ಅಟ್ಟಗಳೆಲ್ಲ ಒಮ್ಮೆಲೇ ಎದ್ದವು. ಯಾರೂ ಹಕ್ಕಿಯೋ ಎಲೆಯೋ ಅಂತ ಕೇಳಲಿಲ್ಲ. ಹಿಂಡು ಚದುರಿ ಹೋಗುವ ಹೊತ್ತಿಗೆ ದುರ್ಗವ್ವ ಏಣಿಯ ಕೊನೆಯ ಮೆಟ್ಟಿಲು ಇಳಿದು, ಬನ್ನಿಗಿಡದ ನೆರಳಿನಲ್ಲಿ ಕೂತು, ತಂಬಿಗೆಯ ನೀರಿನೊಡನೆ ಬೆಳಗಿನ ಗುಳಿಗೆ ನುಂಗುತ್ತಿದ್ದಳು.

"ಇನ್ನ ನಾಳೀಗೆ," ಅಂದಳು, ಆಕಾಶ ನೋಡುತ್ತ.