ಬೋಲ್ಟು ಬಿಗಿಯುವಾಗ ಒಳಗೆ ಕೂತವರು

ಸಂತೆಯಿಂದ ಬಂದು ಕಾರಿನ ಡಿಕ್ಕಿ ತೆಗೆದರೆ ಸೊಪ್ಪಿನ ವಾಸನೆಯ ಜೊತೆಗೆ ಹೊಸ ರಬ್ಬರಿನ ವಾಸನೆಯೂ ಬಂತು. ನಮ್ಮವರು ಹೊಸ ಕಂಟ್ರೋಲ್ ಆರ್ಮ್ ಜೋಡಿ ತಂದು ದಂಟಿನ ಸೊಪ್ಪಿನ ಪಕ್ಕದಲ್ಲೇ ಮಲಗಿಸಿದ್ದರು. ಹೆಸರು ಕೇಳಿ ಗಾಬರಿಯಾಗಬೇಡಿ. ಮುಂದಿನ ಚಕ್ರವನ್ನು ಕಾರಿಗೆ ಹಿಡಿದಿಡುವ ಕಬ್ಬಿಣದ ತೋಳು ಅದು. ಅದರ ತುದಿಯಲ್ಲಿ ರಬ್ಬರಿನ ಬುಷ್ಷು, ಬುಷ್ಷಿನ ನಡುವೆ ಹಾಯುವ ಬೋಲ್ಟು. ನನಗೆ ಗೊತ್ತಿರುವುದು ಇಷ್ಟೇ. ಇಷ್ಟಕ್ಕೇ ಆಫೀಸಿನಲ್ಲಿ ಅರ್ಧ ಮೆಕ್ಯಾನಿಕ್ಕಿನಂತೆ ಮಾತಾಡುತ್ತೇನೆ. ಹೊಸ ರಬ್ಬರಿನ ವಾಸನೆಗೆ ಬೇರೆಯವರಿಗೆ ಶಾಲೆಯ ಚಪ್ಪಲಿ ನೆನಪಾಗಬಹುದು. ನನಗೆ ನಮ್ಮತ್ತೆ ನೆನಪಾಗುತ್ತಾರೆ.

ನನ್ನ ತವರು ತಿ. ನರಸೀಪುರದ ಹತ್ತಿರ, ಸೋಮನಾಥಪುರದ ದಾರಿಯಲ್ಲಿ. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟವಿರುವ ಮನೆ. ನಮ್ಮವರದು ಹೆಮ್ಮರಗಾಲದ ಬೇಸಾಯದ ಮನೆ. ಜಾತಿ ಬೇರೆ. ನರಸೀಪುರದಲ್ಲೇ ರಿಜಿಸ್ಟರ್ ಮದುವೆಯಾದೆವು. ಮಾವ ಬಂದು ಅಕ್ಷತೆ ಹಾಕಿ, ನಮ್ಮಪ್ಪನ ಕೈ ಹಿಡಿದು ಮಾತಾಡಿ ಹೋದರು. ಅತ್ತೆ ಬರಲಿಲ್ಲ.

ನಾವಿಬ್ಬರೂ ನಂಜನಗೂಡಿನಲ್ಲಿ ಬಾಡಿಗೆ ಮನೆ ಹಿಡಿದೆವು. ಅತ್ತೆಗೆ ಮಂಡಿನೋವು. ಡಾಕ್ಟರಿಗೆ ತೋರಿಸಲು ಮಾವ ಅವರನ್ನು ಕಾರಿನಲ್ಲಿ ಕರೆತಂದಾಗಲೆಲ್ಲ ನಮ್ಮ ಗೇಟಿನ ಮುಂದೆ ನಿಲ್ಲಿಸುತ್ತಿದ್ದರು. ಅತ್ತೆ ಇಳಿಯುತ್ತಿರಲಿಲ್ಲ. ಮಗನನ್ನು ಮಾತಾಡಿಸಿ, ಅವರೆಕಾಯಿಯ ಚೀಲವನ್ನು ಕಿಟಕಿಯಿಂದಲೇ ದಾಟಿಸುತ್ತಿದ್ದರು. ನಾನು ಗೇಟಿನ ಒಳಗೆ ನಿಂತು ನಗಲು ಪ್ರಯತ್ನಿಸುತ್ತಿದ್ದೆ. ಒಂದು ಮಾತಾಡಲಿ, ಬೈದರೂ ಸರಿ ಎಂದು ಕಾಯುತ್ತಿದ್ದೆ. ಮಾತು ಬರುತ್ತಿರಲಿಲ್ಲ. ಅವರೆಕಾಯಿ ಮಾತ್ರ ಬಲು ಚೆನ್ನಾಗಿರುತ್ತಿತ್ತು. ಅದನ್ನು ಸಿಟ್ಟಿನಲ್ಲೇ ಬಿಡಿಸಿ, ಸಿಟ್ಟಿನಲ್ಲೇ ಸಾರು ಮಾಡಿ, ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದೆ.

ಹಾಗೆ ಬಂದ ಒಂದು ದಿನ ಕಾರಿನ ಮುಂಭಾಗ ಕಟಕಟ ಎನ್ನತೊಡಗಿತು. ಅದೇ ಸ್ಥಿತಿಯಲ್ಲಿ ಊರಿಗೆ ವಾಪಸ್ಸು ಹೋಗುವುದು ಬೇಡವೆಂದು ನಮ್ಮವರು ಅದನ್ನು ಮೆಕ್ಯಾನಿಕ್ ಸಿದ್ದರಾಜುವಿನ ಶೆಡ್ಡಿಗೆ ಒಯ್ದರು. ಮನೆಯ ಬೀಗದ ಕೈ ಅವರ ಜೇಬಿನಲ್ಲೇ ಉಳಿದಿದ್ದರಿಂದ ಅರ್ಧ ದಿನದ ಆಫೀಸು ಮುಗಿಸಿ ನಾನೂ ಅಲ್ಲಿಗೆ ಹೋಗಬೇಕಾಯಿತು. ಅತ್ತೆ ಮಾವ ಬೆಂಚಿನ ಮೇಲೆ ಕೂತಿದ್ದರು. ನಾನು ರಸ್ತೆಯ ಅಂಚಿನ ಬಿಸಿಲಿನಲ್ಲೇ ನಿಂತೆ.

ಸಿದ್ದರಾಜು ಹಳೆಯ ತೋಳುಗಳನ್ನು ಬಿಚ್ಚಿ, ಹೊಸವನ್ನು ಕೂರಿಸಿ, ಬೋಲ್ಟುಗಳನ್ನು ಕೈಯಲ್ಲಷ್ಟೇ ತಿರುವಿ ಸಡಿಲ ಬಿಟ್ಟಿದ್ದ. ಜಾಕ್ ಇಳಿಸಿ, ಚಕ್ರ ನೆಲ ಮುಟ್ಟಿದ ಮೇಲೆ ಕಾರನ್ನು, ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಗುಂಡಿಯ ಮೇಲಕ್ಕೆ ತಳ್ಳಿಸಿ ತಾನು ಗುಂಡಿಗೆ ಇಳಿದ. ಬೇರೆ ಶೆಡ್ಡುಗಳಲ್ಲಾದರೆ ಇಷ್ಟಾದ ಮೇಲೆ ಬಿಗಿದು ಕಳಿಸುತ್ತಾರೆ. ಸಿದ್ದರಾಜುವಿಗೆ ಅಷ್ಟು ಸಾಲದು. ಅವನಿಗೆ ಮನೆಮಂದಿಯೆಲ್ಲ ಕಾರಿನೊಳಗೆ ಕೂತಿರಬೇಕು.

"ಬನ್ನಿ, ಎಲ್ಲಾ ಅತ್ತಿ ಕೂತ್ಕಳಿ. ದಿನಾ ಎಂಗ್ ಕೂತ್ಕಂಡು ಓಡಾಡ್ತೀರೋ ಅಂಗೇ" ಎಂದ ಗುಂಡಿಯಿಂದ.

ಮಾವ ಸ್ಟೀರಿಂಗಿಗೆ, ನಮ್ಮವರು ಅವರ ಪಕ್ಕಕ್ಕೆ, ಅತ್ತೆ ಹಿಂದಕ್ಕೆ. ಸಿದ್ದರಾಜು ಗುಂಡಿಯಿಂದ ತಲೆ ಹೊರಗಿಟ್ಟು ನನ್ನನ್ನು ನೋಡಿದ. "ಅಕ್ಕಾ, ನೀವ್ಯಾಕೆ ಅಲ್ಲೇ ನಿಂತ್ಬುಟ್ರಿ? ನೀವು ಮನೆಯೋರಲ್ವಾ?"

ನಮ್ಮವರು ಕಿಟಕಿಯಿಂದ ನನ್ನತ್ತ ತಿರುಗಿದರು. "ನಾನು ಆ ಕಾರಲ್ಲಿ ಓಡಾಡಲ್ಲ ಸಿದ್ದರಾಜಣ್ಣ" ಎಂದೆ.

"ಇವತ್ತಿಲ್ದಿದ್ರೆ ನಾಳೆ ಓಡಾಡ್ತೀರಿ ಕಣಕ್ಕಾ. ಕಾರು ಮ್ಯಾಲೆತ್ತಿ ಚಕ್ರ ಜೋತಾಡ್ವಾಗ ಬಿಗುದ್ರೆ, ಕೆಳಿಕ್ಕೆ ಇಳುದ್ಮೇಲೆ ರಬ್ಬರು ತಿರುಚ್ಕಂಡೇ ಇರ್ತದೆ. ಬ್ಯಾಗ್ನೆ ಅರುದೋಯ್ತದೆ. ಕಾರು ಒರೋ ಭಾರ ಎಲ್ಲಾ ಒಳ್ಗಿದ್ದಾಗ್ಲೇ ಬಿಗೀಬೇಕು."

ಅತ್ತೆ ನನ್ನತ್ತ ನೋಡಲಿಲ್ಲ. ಪಕ್ಕದಲ್ಲಿದ್ದ ಮಾತ್ರೆಯ ಚೀಲವನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಮುಂದೆ ಕೂತಿದ್ದ ಮಗನಿಗೆ, "ಅವ್ಳ್ಗೂ ಕೂತ್ಕಳಕ್ಕೇಳ್ಲಾ" ಎಂದರು.

ನಾನು ಹತ್ತಿ ಕೂತೆ. ಕೆಳಗಿನಿಂದ ಸ್ಪ್ಯಾನರಿನ ಕಿರ್ ಎನ್ನುವ ಸದ್ದು, ಸಿದ್ದರಾಜುವಿನ ಮುಲುಕು. ಎಲ್ಲಿಗೂ ಹೊರಡದ ಕಾರಿನಲ್ಲಿ ನಾವು ನಾಲ್ವರು ಮುಂದಿನ ಗಾಜು ನೋಡುತ್ತ ಕೂತಿದ್ದೆವು, ಮಾವ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಆಗ ಅತ್ತೆ, "ಅದ್ಯಾಕಂಗೆ ಬಾಗ್ಲಿಗೆ ಅಂಟ್ಕಂಡಿದ್ದೀಯೆ? ಇತ್ಲಾಗ್ ಬಾ" ಎಂದರು. ಅವರು ನನಗೆ ಆಡಿದ ಮೊದಲ ಮಾತು ಅದು. ಕಣ್ಣೀರು ಬಂದುಬಿಟ್ಟಿತು, ಬೆವರು ಒರೆಸಿದಂತೆ ಸೆರಗಿನಲ್ಲಿ ಒರೆಸಿಕೊಂಡೆ.

ಆಮೇಲೆ ಎಲ್ಲವೂ ಅಂದೇ ಸರಿಹೋಯಿತು ಎಂದರೆ ಸುಳ್ಳಾದೀತು. ಅತ್ತೆ ನಮ್ಮ ಮನೆಯಲ್ಲಿ ಊಟಕ್ಕೆ ಕೂರಲು, ನರಸೀಪುರದಲ್ಲಿ ನಮ್ಮಮ್ಮನ ಕೈಯ ಕಾಫಿ ಕುಡಿಯಲು ಇನ್ನೂ ಕಾಲ ಹಿಡಿಯಿತು. ಆದರೆ ಕೇಳಿದವರಿಗೆಲ್ಲ ನಾನು ಆ ಶೆಡ್ಡಿನ ಕಥೆಯನ್ನೇ ಹೇಳುತ್ತ ಬಂದೆ. ಬುಷ್ಷು, ಭಾರ, ತಿರುಚುವುದು ಎಂದು ಉಪನ್ಯಾಸವನ್ನೇ ಕೊಡುತ್ತಿದ್ದೆ. ಸಿದ್ದರಾಜುವಿನ ಮಾತಿನ ಒಳ ಅರ್ಥ ಅತ್ತೆಗೆ ನಾಟಿತು ಎಂದು ಕೊನೆಯಲ್ಲಿ ನಾನೇ ತಲೆದೂಗುತ್ತಿದ್ದೆ.

ಮಾವ ಈಗಿಲ್ಲ, ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಇವತ್ತು ಸೊಪ್ಪು ಬಿಡಿಸುತ್ತ, ಅದೇಕೋ ಧೈರ್ಯ ಬಂದು ಕೇಳಿದೆ. "ಅವತ್ತು ಸಿದ್ದರಾಜು ಹೇಳಿದ್ದಕ್ಕೇ ಅಲ್ವಾ ಅತ್ತೆ, ನೀವು ನನ್ನನ್ನ ಒಳಗೆ ಕರೆದದ್ದು?"

ಅತ್ತೆ ದಂಟಿನ ನಾರು ಎಳೆಯುತ್ತಲೇ ಇದ್ದರು. "ಅವ್ನು ಗುಂಡಿಯೊಳ್ಗೆ ಏನ್ ವದರ್ತಿದ್ನೋ, ನಂಗೇನ್ ಕೇಳುಸ್ತು? ಬಿಸ್ಲು ಅಂಗ್ ಸುಡ್ತಿತ್ತು. ನಮ್ಮನೆ ಹೆಣ್ಮಗ ಬಿಸ್ಲಲ್ಲಿ ನಿಂತದಲ್ಲಾ ಅಂತ ಒಟ್ಟೆ ಉರೀತು ಕಣವ್ವ."

ನನ್ನ ಉಪನ್ಯಾಸ ಅಲ್ಲಿಗೆ ಮುಗಿಯಿತು. ಬಿಡಿಸಿದ ಸೊಪ್ಪನ್ನು ತೊಳೆಯಬೇಕಿತ್ತು, ನಾನು ಏಳಲಿಲ್ಲ.