ಈಶಾನ್ಯ ಬಿಟ್ಟ ಗಣಪ

ಗುಬ್ಬಿಯ ಒಂದು ಮದುವೆ ಛತ್ರಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಛತ್ರದ ಯಜಮಾನರಾದ ರುದ್ರಣ್ಣನವರದು ಒಂದೇ ಷರತ್ತು: ಗಣಪತಿ ಈಶಾನ್ಯದಲ್ಲೇ ಇರಬೇಕು. ಭೂಪಟದ ಲೆಕ್ಕ ಹಿಡಿದು, ಪುಟದ ಮೇಲಿನ ಬಲಮೂಲೆಯಲ್ಲಿ ಕೂರಿಸಿದೆ. ತುಮಕೂರಿನ ನನ್ನ ಕಂಪ್ಯೂಟರಿನಲ್ಲಿ ದೇವರು ಆರಾಮಾಗಿದ್ದ.

ಮಾರನೇ ದಿನವೇ ಫೋನು. "ಏನ್ ಸ್ವಾಮಿ, ಗಣಪ್ಪ ನೈಋತ್ಯಕ್ಕೆ ಬಂದವ್ನೆ! ಕೈ ತೊಳೆಯೋ ಜಾಗದ ಫೋಟೋ ಪಕ್ಕ ಕೂತವ್ನೆ. ಇದನ್ನ ನೋಡಿ ಯಾರು ಛತ್ರ ಬುಕ್ ಮಾಡ್ತಾರೆ?"

ಬಸ್ ಹತ್ತಿ ಹೋಗಿ ನೋಡಿದೆ. ಅವರ ಆಫೀಸಿನಲ್ಲಿದ್ದದ್ದು ಹಳೇ ಬ್ರೌಸರು. ಚಿತ್ರದ ಪಕ್ಕ ನಾನು ಬಿಟ್ಟಿದ್ದ ಅಂಚನ್ನು ಅದು ತನ್ನಿಷ್ಟಕ್ಕೆ ಎರಡರಷ್ಟು ಮಾಡಿಕೊಂಡು, ಸಾಲಿನಲ್ಲಿ ಜಾಗ ಸಾಲದೆ, ಗಣಪನನ್ನು ಕೆಳಗೆ ಎಡಕ್ಕೆ ತಳ್ಳಿತ್ತು. ಪುಟದಲ್ಲಿ ಯಾವುದು ಎಲ್ಲಿ ಕೂರಬೇಕೆಂದು ಹೇಳುವ ಸ್ಟೈಲ್‌ಶೀಟನ್ನು, ಆ ಬ್ರೌಸರು ಮಾತ್ರ ಓದುವಂತೆ ಬೇರೊಂದು ಬರೆದೆ.

"ಅಂದ್ರೆ, ಅದಕ್ಕೊಂದಕ್ಕೆ ಬೇರೆ ಉಪಚಾರ?" ಎಂದರು ರುದ್ರಣ್ಣ.

"ಹೂಂ."

"ಗಂಡಿನ ಕಡೆಯವ್ರು ಅನ್ನಿ."

ಪುಟ ಮತ್ತೆ ತೆರೆದಾಗ ಗಣಪ ಮೇಲೆ ಬಲಕ್ಕೆ ಹೋಗಿದ್ದ. ರುದ್ರಣ್ಣ ಕೈ ಮುಗಿದರು. ಆಮೇಲೆ ಬಿಸಿಲು ಬೀಳುತ್ತಿದ್ದ ಕಿಟಕಿಯನ್ನೊಮ್ಮೆ, ಮಾನಿಟರನ್ನೊಮ್ಮೆ ನೋಡಿದರು.

"ನಾವೀಗ ಉತ್ತರಕ್ಕೆ ಮುಖ ಮಾಡಿ ಕೂತಿದೀವಿ, ಸರಿ. ಕುಣಿಗಲ್‌ನಲ್ಲಿ ಯಾರೋ ದಕ್ಷಿಣಕ್ಕೆ ಮುಖ ಮಾಡಿ ಕೂತು ನೋಡಿದ್ರೆ, ಗಣಪ್ಪ ಮತ್ತೆ ನೈಋತ್ಯಕ್ಕೇ ಹೋದಂಗಲ್ವಾ?"

ಲೆಕ್ಕ ಹಾಕಿದೆ: ಆಗ ಪುಟದ ಮೇಲ್ಗಡೆ ದಕ್ಷಿಣ, ಬಲಗಡೆ ಪಶ್ಚಿಮ. ಅವರು ಹೇಳಿದ್ದು ಸರಿಯಾಗಿತ್ತು.

ಬ್ರೌಸರಿಗಾದರೆ ಬುದ್ಧಿ ಹೇಳಬಹುದು. ಕುಣಿಗಲ್‌ನವರ ಕುರ್ಚಿ ತಿರುಗಿಸುವ ಸ್ಟೈಲ್‌ಶೀಟನ್ನು ನಾನಿನ್ನೂ ಬರೆದಿಲ್ಲ.