ಗುಡ್ಡಪ್ಪ ಶಿಳ್ಳೆಗೆ ಕಾದದ್ದು

ಅಬಲೂರಿನ ಗುಡ್ಡಪ್ಪನಿಗೆ ಬೀಡಿಯ ಚಟವಿರಲಿಲ್ಲ, ಎಲೆಅಡಿಕೆಯ ಚಟವೂ ಇರಲಿಲ್ಲ, ಕೇಳುವ ಚಟವಿತ್ತು. ಇಪ್ಪತ್ತು ವರ್ಷ ಗೋವಿನಜೋಳ, ಹತ್ತಿ, ಸಿಮೆಂಟು ಲಾರಿಗೆ ಹೇರಿಕೊಂಡು ಹೆದ್ದಾರಿ ಸವೆಸಿದವನು, ದಾರಿಯಲ್ಲಿ ಪಂಕ್ಚರ್ ಅಂಗಡಿಯವನನ್ನೂ ಬಿಡದೆ ಅದ್ಯಾಕೆ, ಇದು ಹೇಗೆ ಎಂದು ಪೀಡಿಸಿದವನು. "ನಿಮ್ಮನ್ನ ಡ್ರೈವರ್ ಅಲ್ಲ, ಪೊಲೀಸ್ ಮಾಡಬೇಕಾಗಿತ್ರಿ" ಎಂದು ಹೆಂಡತಿ ಭರಮವ್ವ ನಗುತ್ತಿದ್ದಳು.

ಅಂಥವನ ಕಣ್ಣಿಗೆ ಒಂದು ಬೆಳಿಗ್ಗೆ ಶಿಗ್ಗಾಂವದ ಬಳಿ ರಸ್ತೆಯ ಬದಿಗೆ ನಿಂತ ಆ ಗಾಡಿ ಬಿತ್ತು. ಗಾಳಿಯಿಂದ ಕರೆಂಟು ಮಾಡುವ ಗುಡ್ಡದ ಮೇಲಿನ ಫ್ಯಾನುಗಳಿವೆಯಲ್ಲ, ಅವುಗಳದೊಂದು ರೆಕ್ಕೆ ಹೊತ್ತ ಟ್ರೇಲರ್. ಒಂದೇ ರೆಕ್ಕೆ! ಅದರ ತುದಿ ನೋಡಿಯೇ ಬಿಡೋಣ ಎಂದು ಗುಡ್ಡಪ್ಪ ಚಹಾದ ಲೋಟ ಹಿಡಿದು ಎಂಜಿನ್ನಿನ ಕಡೆಯಿಂದ ನಡೆಯತೊಡಗಿದ. ಬಾಲ ಮುಟ್ಟುವ ಹೊತ್ತಿಗೆ ಚಹಾ ಮುಗಿದಿತ್ತು. ಅಲ್ಲಿ ಹುಲಗೂರಿನ ಮುಸ್ತಾಕ ಎಂಬವನು ಕೊರಳಲ್ಲಿ ಶಿಳ್ಳೆ, ಕೈಯಲ್ಲಿ ರಿಮೋಟು ಇಟ್ಟುಕೊಂಡು ಕೂತಿದ್ದ.

"ಇಷ್ಟುದ್ದ ಗಾಡಿ ತಿರುವಿನ್ಯಾಗ ಹೆಂಗ ಹೊಳ್ಳತೈತ್ರಿ?"

"ಮುಂದಿಂದು ಡ್ರೈವರ್ ಹೊಳ್ಳಸ್ತಾನ್ರಿ. ಹಿಂದಿನ ಗಾಲಿ ನಾ ಹೊಳ್ಳಸ್ತೇನಿ, ಹಿಂದ ನಡಕೋತ."

ಒಂದು ಗಾಡಿಗೆ ಇಬ್ಬರು! ಅವತ್ತು ಗುಡ್ಡಪ್ಪನ ತಲೆಗೆ ಹೊಕ್ಕ ಹುಳ ಮತ್ತೆ ಹೊರಬರಲೇ ಇಲ್ಲ. ಗೋವಿನಜೋಳದ ಲೋಡು ಸಪ್ಪೆಯೆನಿಸಿತು. ಈ ಗಾಡಿ ನಡೆಸದೆ ತಾನು ಡ್ರೈವರೇ ಅಲ್ಲ ಎಂದು ಮನೆಯಲ್ಲಿ ಸಾರಿದ, ಲೈಸನ್ಸಿಗೆ ಟ್ರೇಲರ್ ಸೇರಿಸಿಕೊಂಡ, ಮುಸ್ತಾಕನ ಬೆನ್ನು ಹತ್ತಿ ಗಾಡಿಯ ಮಾಲೀಕರ ಮುಂದೆ ಪರೀಕ್ಷೆಗೆ ನಿಂತ.

ಊರ ಹೊರಗಿನ ಬಯಲಿನಲ್ಲಿ ಖಾಲಿ ಟ್ರೇಲರ್, ಡ್ರಮ್ಮುಗಳನ್ನಿಟ್ಟು ಮಾಡಿದ ತಿರುವು. ಒಂದು ಶಿಳ್ಳೆ ಎಂದರೆ ನಿಲ್ಲಬೇಕು, ಎರಡು ಎಂದರೆ ಹೊರಡಬೇಕು. ಗುಡ್ಡಪ್ಪ ಕನ್ನಡಿಯಲ್ಲಿ ಕಣ್ಣು ನೆಟ್ಟು, ಒಂದು ಡ್ರಮ್ಮಿಗೂ ತಾಗಿಸದೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಗಾಡಿ ಹೊರಳಿಸಿ, ಮೀಸೆ ತಿರುವುತ್ತ ಇಳಿದ.

ಮಾಲೀಕರು ಅಡ್ಡಡ್ಡ ತಲೆಯಾಡಿಸಿದರು. "ಬ್ಯಾಡ."

"ನಾ ನಡುವ ಒಂದು ಸಿಳ್ಳಿ ಹೊಡದ್ನಿ, ಅಣ್ಣಾರ. ನೀವು ನಿಂದ್ರಲಿಲ್ಲ" ಎಂದ ಮುಸ್ತಾಕ.

"ಕನ್ನಡಿಯೊಳಗ ದಾರಿ ಖುಲ್ಲಾ ಇತ್ತಲ್ಲೋ!"

"ಕನ್ನಡಿಗೆ ಬಾಲ ಕಾಣಂಗಿಲ್ರಿ. ಒಂದು ಸಲ ನನ್ನ ಜೋಡಿ ಹಿಂದ ನಡದು ನೋಡ್ರಿ."

ಇಷ್ಟು ವರ್ಷ ಸ್ಟೇರಿಂಗ್ ಹಿಡಿದವನು ಈಗ ಗಾಡಿಯ ಹಿಂದೆ ಕಾಲ್ನಡಿಗೆಯಲ್ಲಿ! ಗುಡ್ಡಪ್ಪನ ಮೈಯೆಲ್ಲ ಉರಿದುಹೋಯಿತು. ಕೆಲವು ದಿನ ಮುಸ್ತಾಕನ ಫೋನನ್ನೂ ಎತ್ತಲಿಲ್ಲ. ಆಮೇಲೆ ತಾನೇ ಮಾಡಿದ. ಅವಮಾನ ಎಷ್ಟೇ ಇರಲಿ, ಕನ್ನಡಿಗೆ ಕಾಣದ್ದು ಅದೇನು ಎಂದು ತಿಳಿಯದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮುಸ್ತಾಕನ ಜೊತೆ ಬಾಲದ ಹಿಂದೆ ನಡೆಯುತ್ತಿದ್ದಾಗ ಸವಣೂರಿನ ಒಂದು ತಿರುವಿನಲ್ಲಿ ಅದು ಕಂಡಿತು. ಎಂಜಿನ್ನು ಎಡಕ್ಕೆ ಹೊರಳಿತು. ರೆಕ್ಕೆಯ ತುದಿ ಮಾತ್ರ ಬಲಕ್ಕೆ, ರಸ್ತೆಯನ್ನೇ ಬಿಟ್ಟು ಹೊರಗೆ ಸರಿಯುತ್ತ ಒಂದು ಗಿಡ್ಡ ಮಾಳಿಗೆಯ ಮೇಲೆ ಬಂತು. ಅಲ್ಲಿ ಹಾಜರಾಬಿ ಎಂಬ ಮುದುಕಿ ಇತ್ತ ಬೆನ್ನು ಹಾಕಿ ಮೆಣಸಿನಕಾಯಿ ಹರವುತ್ತಿದ್ದಳು. ಮುಸ್ತಾಕ ಒಂದು ಶಿಳ್ಳೆ ಹೊಡೆದ; ಗಾಡಿ ಗಕ್ಕನೆ ನಿಂತಿತು. ಮುದುಕಿ ತಿರುಗಿ ನೋಡಿ, ರೆಕ್ಕೆಯನ್ನೂ ಇವರಿಬ್ಬರನ್ನೂ ಸೇರಿಸಿ ಮನಸಾರೆ ಬೈದು, ಮೆಣಸಿನಕಾಯಿ ಬಳಿದುಕೊಂಡು ಕೆಳಗಿಳಿದಳು. ಆಮೇಲೆ ಎರಡು ಶಿಳ್ಳೆ.

ಮುಂದೆ ಕೂತ ಡ್ರೈವರ್ ಇದ್ಯಾವುದನ್ನೂ ನೋಡಿರಲಿಲ್ಲ. ಶಿಳ್ಳೆ ಕೇಳಿದ್ದ, ನಿಂತಿದ್ದ, ಅಷ್ಟೇ. ತಾನು ಪರೀಕ್ಷೆಯಲ್ಲಿ ನಿಲ್ಲದೆ ಹೋದದ್ದು ನೆನೆದು ಗುಡ್ಡಪ್ಪನಿಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಭಯವೂ ಆಯಿತು. ಮಳೆಗಾಲ ಮುಗಿಯುವವರೆಗೂ ಅವನು ಬಾಲದ ಹಿಂದೆಯೇ ನಡೆದ, ಪ್ರಶ್ನೆ ಕೇಳಿ ಕೇಳಿ ಮುಸ್ತಾಕನ ತಲೆ ತಿಂದ.

ಆಮೇಲೊಂದು ದಿನ ಮಾಲೀಕರು ಕರೆದರು. "ಹಿರೇಕೆರೂರ ಕಡೆ ಒಂದು ರೆಕ್ಕಿ ಹೋಗಬೇಕು. ನೀವ ಹೊಡೀರಿ. ಸಿಳ್ಳಿ ಮೀರಿದ್ರ ಮತ್ತ ನನ್ನ ಕಡೆ ಬರಬ್ಯಾಡ್ರಿ."

ದಾರಿ ಅಬಲೂರಿನ ತಿರುವಿನ ಮೇಲೆಯೇ ಇತ್ತು. ಸುದ್ದಿ ಮೊದಲೇ ಮುಟ್ಟಿ ಊರಿಗೆ ಊರೇ ಬಂದು ನಿಂತಿತ್ತು. ಜನರ ಮುಂದೆ ಗಾಡಿ ಹೊರಳಿಸಿ ತೋರಿಸುವ ಹುರುಪಿನಲ್ಲಿ ಗುಡ್ಡಪ್ಪ ತಿರುವು ಹಿಡಿದ. ಅರ್ಧ ಹೊರಳಿದಾಗ ಒಂದು ಶಿಳ್ಳೆ ಕೇಳಿಸಿತು. ನಿಲ್ಲಿಸಿದ.

ಕನ್ನಡಿಯಲ್ಲಿ ದಾರಿ ಖುಲ್ಲಾ ಇತ್ತು. ಮುಂದೆಯೂ ಖುಲ್ಲಾ. ಎರಡು ಶಿಳ್ಳೆ ಬರಲೇ ಇಲ್ಲ.

"ಹೊಡಿ ಗುಡ್ಡಪ್ಪ, ಜಾಗಾ ಐತಿ!" ಎಂದು ಜನ ಕೂಗಿದರು. "ಹೊಡಿಯೂದು ಮರತಾನೋ ಏನೋ" ಎಂದು ಯಾರೋ ನಕ್ಕರು. ಗುಡ್ಡಪ್ಪನ ಕಿವಿ ಬಿಸಿಯಾದವು. ಹಿಂದೆ ಏನಾಗಿದೆ? ಇಳಿದು ಓಡಿಹೋಗಿ ನೋಡಬೇಕು ಎಂದು ಜೀವ ಒದ್ದಾಡಿತು. ಆದರೂ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ.

ಕೊನೆಗೆ ಎರಡು ಶಿಳ್ಳೆ ಬಂದವು, ಗಾಡಿ ತಿರುವು ದಾಟಿತು.

ಊರಾಚೆ ನಿಲ್ಲಿಸಿದಾಗ ಮುಸ್ತಾಕ ಬುತ್ತಿಯ ಗಂಟು ಹಿಡಿದುಕೊಂಡು ಬಂದ.

"ಭರಮವ್ವಕ್ಕಾರು ಕೊಟ್ಟಾರ್ರಿ. ಮಂದಿ ನೂಕಾಡ್ತಾರಂತ ತಿರುವಿನ ಹೊರಗಿನ ದಂಡಿಗೆ ಹೋಗಿ ನಿಂತಿದ್ರು, ಬಾಲ ಬರೂ ಜಾಗಾದಾಗ. ಹಿಂದ ಮುಳ್ಳಬೇಲಿ. ರೆಕ್ಕಿ ಎದಿಮಟ ಬಂದಿತ್ತು. ಕೈ ಹಿಡದು ಹೊರಗ ಕರಕೊಂಡು ಬರೂತನಕ ನಿಮ್ಮನ್ನ ನಿಂದ್ರಿಸಿದ್ನಿ." ಆಮೇಲೆ ಸೇರಿಸಿದ: "ಮಾಲಕರಿಗೆ ಫೋನ್ ಮಾಡೇನಿ. ಗಾಡಿ ಇನ್ನಮ್ಯಾಲ ನಿಮ್ದ ಅಂದ್ರು."

ಗುಡ್ಡಪ್ಪ ಗಂಟು ತೆಗೆದುಕೊಂಡ. ರೊಟ್ಟಿ ಇನ್ನೂ ಬೆಚ್ಚಗಿದ್ದವು. ಅದನ್ನು ಹಿಡಿದುಕೊಂಡೇ ಬಾಲದ ಕಡೆ ನಡೆಯತೊಡಗಿದ.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಭರಮವ್ವ.

"ಮಂದಿ ಹೊಡಿ ಹೊಡಿ ಅಂತ ಅಷ್ಟು ಬಾಯಿ ಮಾಡಿದ್ರಲ್ಲ. ಯಾಕ ಹೊಡೀಲಿಲ್ರಿ?"

"ಸಿಳ್ಳಿ ಬಂದಿದ್ದಿಲ್ಲ" ಎಂದ ಗುಡ್ಡಪ್ಪ.